3 ವರ್ಷದ ಮಗುವಿಗೆ ಹುರಿದ ಶೇಂಗಾ ಕೊಡಬಹುದೇ?

5 ವರ್ಷ ತುಂಬುವವರೆಗೆ ಇಡೀ ಕಾಳು ಬೇಡವೇ ಬೇಡ. ಅರೆದು ತಿನ್ನುವುದು ಇನ್ನೂ ಸರಿಯಾಗಿ ಬಂದಿರುವುದಿಲ್ಲ. ನಗುತ್ತಲೋ ಓಡುತ್ತಲೋ ಉಸಿರೆಳೆದರೆ ಕಾಳು ಶ್ವಾಸನಾಳಕ್ಕೆ ಜಾರುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮಂಡಕ್ಕಿಯ ಗಿರ್ಮಿಟ್‌ನಲ್ಲೂ ಶೇಂಗಾ ಅಡಗಿರುತ್ತದೆ, ಮಗುವಿನ ಪಾಲನ್ನು ಮೊದಲೇ ಎತ್ತಿಡಿ.

ಶೇಂಗಾ ಹಿಂಡಿ (ಚಟ್ನಿಪುಡಿ) ಕೊಡಬಹುದು: ಖಾರ ಕಡಿಮೆ ಹಾಕಿ ನುಣ್ಣಗೆ ಕುಟ್ಟಿ, ಜರಡಿ ಹಿಡಿದು, 1 ಚಮಚಕ್ಕೆ 2 ಚಮಚ ಮೊಸರು ಕಲಸಿ ಮೆತ್ತನೆ ಬಿಸಿ ರೊಟ್ಟಿಗೆ ಸವರಿ. ಒಣ ಪುಡಿ ಗಂಟಲು ಹಿಡಿಯುತ್ತದೆ.

ಸಿಕ್ಕಿಕೊಂಡು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ನಿಂತರೆ ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲ್ಭಾಗದ ನಡುವೆ 5 ಪೆಟ್ಟು. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕಳಿಗಿಂತ ತುಸು ಮೇಲ್ಗಡೆ 5 ಸಲ ಒಳಕ್ಕೆ-ಮೇಲಕ್ಕೆ ಒತ್ತಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಬಾಯಲ್ಲಿ ಬೆರಳಾಡಿಸಬೇಡಿ, ಕಾಳು ಇನ್ನೂ ಒಳಗೆ ಹೋಗುತ್ತದೆ. ಆಮೇಲೂ ಕೆಮ್ಮು ಉಳಿದರೆ ಅಂದೇ ವೈದ್ಯರಿಗೆ ತೋರಿಸಿ. ಎಕ್ಸ್-ರೇಯಲ್ಲಿ ಶೇಂಗಾ ಕಾಣುವುದಿಲ್ಲ, ತಿಂದದ್ದನ್ನು ನೀವೇ ಹೇಳಬೇಕು.