ಮೇ ತಿಂಗಳು ಹೂವಿಗೆ, ಮರಕ್ಕೆ ಬೇರೆ ತಿಂಗಳು

ಉದಕಮಂಡಲದ (ಊಟಿಯ) ಕೆರೆಯ ಬಳಿಯಿರುವ ಮರದೋಟದ ಬಗ್ಗೆ ತಮಿಳುನಾಡಿನ ಗಡಿಭಾಗದ ಕನ್ನಡ ಓದುಗರು ಬರೆದ ನಾಲ್ಕು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇ ತಿಂಗಳ ಹೂವಿನ ಪ್ರದರ್ಶನಕ್ಕೆ ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದೆ. ಅದೇ ದಿನ ಮರದೋಟವನ್ನೂ ತೋರಿಸಬಹುದೇ? (ಶಿಕ್ಷಕಿ, ತಾಳವಾಡಿ)

ತೋರಿಸಬಹುದು, ಆದರೆ ತೋರಿಸಬೇಡಿ ಎಂದೇ ನನ್ನ ಸಲಹೆ. ಪ್ರದರ್ಶನ ನಡೆಯುವುದು ದೊಡ್ಡಬೆಟ್ಟದ ಇಳಿಜಾರಿನಲ್ಲಿ, 1848ರ ಸುಮಾರಿಗೆ ತೋಟಗಾರ ವಿಲಿಯಂ ಗ್ರಹಾಂ ಮೆಕೈವರ್ ಅವರ ಕೈಯಲ್ಲಿ ರೂಪುಗೊಳ್ಳತೊಡಗಿದ ಸರ್ಕಾರಿ ಸಸ್ಯೋದ್ಯಾನದಲ್ಲಿ. ಅಲ್ಲಿ ಮೇ ತಿಂಗಳಲ್ಲಿ ಕಾಣುವುದು ಬಹುಮಟ್ಟಿಗೆ ಕುಂಡದ ಹೂವು. ತೋಟಗಾರರು ತಿಂಗಳುಗಟ್ಟಲೆ ಮೊದಲೇ ಬೀಜ ಹಾಕಿ, ಸಸಿ ಕಿತ್ತು ನೆಟ್ಟು, ಆ ಒಂದೆರಡು ವಾರಕ್ಕೆ ಸರಿಯಾಗಿ ಅರಳುವಂತೆ ಬೆಳೆಸಿದ ಗಿಡಗಳವು. 2023ರಲ್ಲಿ 125ನೆಯ ಪ್ರದರ್ಶನ ನಡೆಯಿತೆಂದರೆ ಆ ಕೈಚಳಕ ಎಷ್ಟು ಹಳೆಯದೆಂದು ತಿಳಿಯುತ್ತದೆ. ಅದನ್ನು ನೋಡಬೇಕಾದದ್ದೇ; ಆದರೆ ಜನಜಂಗುಳಿಯಲ್ಲಿ ಅರ್ಧ ದಿನ ನೂಕಾಡಿ ಬಂದ ಮಕ್ಕಳಿಗೆ ಮರವೊಂದರ ಮುಂದೆ ಹತ್ತು ನಿಮಿಷ ನಿಲ್ಲುವ ತಾಳ್ಮೆ ಉಳಿದಿರುವುದಿಲ್ಲ.

ಮರದೋಟ 1992ರಲ್ಲಿ ತೋಟಗಾರಿಕೆ ಇಲಾಖೆ ಮಾಡಿದ್ದು. ಕೆರೆಗೆ ನೀರು ಹರಿದು ಬರುವ ತಗ್ಗಿನಲ್ಲಿ, ಎರಡು ಹೆಕ್ಟೇರಿಗೂ ಕಡಿಮೆ ಜಾಗದಲ್ಲಿ, ಸುಮಾರು 80 ಜಾತಿಯ ಮರಗಳಿವೆ. ಹೊರಗಿನಿಂದ ಬಂದ ದೇವದಾರು, ಜೋಲುವ ವಿಲ್ಲೊ ಮರಗಳ ಜೊತೆಗೆ ನೀಲಗಿರಿಯ ಶೋಲಾ ಕಾಡಿನವೇ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡು) ಆದ ನೇರಳೆ ಜಾತಿಯ ಮರಗಳು, ಕಾಡುಸಂಪಿಗೆ ಮೊದಲಾದವೂ ಇವೆ. ಇವುಗಳಿಗಾಗಿ ಹೋಗುವವರು ಫೆಬ್ರವರಿಯ ಕೊನೆಯಿಂದ ಮಾರ್ಚಿನೊಳಗೆ ಒಂದು ಶನಿವಾರ ಹೋಗಬೇಕು. ಹೂವಿಗಿಂತ ಚಿಗುರೇ ಚೆನ್ನಾಗಿ ಕಾಣುವ ಕಾಲವದು. ನಮ್ಮ ಊರುಗಳಲ್ಲಿ ಮಾವಿನ ಚಿಗುರು ತಾಮ್ರದ ಬಣ್ಣದಲ್ಲಿ ಜೋತಾಡುವುದನ್ನು ಕಂಡವರು, ಶೋಲಾ ಮರಗಳ ಇಡೀ ನೆತ್ತಿಯೇ ಹಾಗಾಗುವುದನ್ನು ಊಹಿಸಿಕೊಳ್ಳಲಿ: ಒಂದು ಕಡುಗೆಂಪು, ಪಕ್ಕದ್ದು ಕಿತ್ತಳೆ, ಅದರಾಚೆಯದು ಎಳೆಹಸಿರು. ಎಳೆಯ ಎಲೆಯಲ್ಲಿ ಹಸಿರು ಇನ್ನೂ ತುಂಬಿರುವುದಿಲ್ಲ. ಎತ್ತರದ ಬೆಟ್ಟದ ಚುರುಕು ಬಿಸಿಲಿನಿಂದ ಅದನ್ನು ಕಾಯುವುದು ಆ ಕೆಂಪು ಬಣ್ಣವೇ. ಹದಿನೈದು ದಿನ ಬಿಟ್ಟು ಅದೇ ಮರದ ಬಳಿ ಹೋದರೆ ಕೆಂಪು ಹೋಗಿ, ಎಲೆ ದಪ್ಪವಾಗಿ, ಮುಟ್ಟಿದರೆ ತೊಗಲಿನಂತಾಗಿರುತ್ತದೆ. ದೊಡ್ಡಬೆಟ್ಟದ ಕಡೆ ಹೋಗುವುದಿದ್ದರೆ ಬೆಟ್ಟದ ರೋಡೊಡೆಂಡ್ರಾನ್ ಮರದ ಕೆಂಪು ಗೊಂಚಲುಗಳೂ ಆ ದಿನಗಳಲ್ಲೇ ಕಾಣಸಿಗುತ್ತವೆ. ಏಪ್ರಿಲಿನ ಹೊತ್ತಿಗೆ ರಸ್ತೆಬದಿಯ ಜಕರಂದ ನೇರಳೆ ಬಣ್ಣಕ್ಕೆ ತಿರುಗುತ್ತದೆ; ಅದು ದಕ್ಷಿಣ ಅಮೆರಿಕದ ಮರ, ಆದರೂ ಈಗ ನಮ್ಮದೇ ಎಂಬಷ್ಟು ಹಳತಾಗಿದೆ.

ಜೂನ್ ಮತ್ತು ಜುಲೈಯಲ್ಲಿ ಮಕ್ಕಳೊಂದಿಗೆ ಹೋಗಬೇಡಿ. ಛತ್ರಿಯನ್ನು ನಂಬಿ ಒಮ್ಮೆ ನಾನು ಹೋಗಿದ್ದೆ. ಮಳೆ ಮೇಲಿನಿಂದ ಬೀಳಲಿಲ್ಲ, ಮಂಜಿನೊಡನೆ ಅಡ್ಡಡ್ಡಲಾಗಿ ಬಂದು ಟಿಪ್ಪಣಿ ಪುಸ್ತಕವನ್ನು ಹಿಟ್ಟು ಮಾಡಿತು.

ಪ್ರಶ್ನೆ: ಜನವರಿಯಲ್ಲಿ ಊಟಿಯ ಹುಲ್ಲೆಲ್ಲ ಹಿಮದಿಂದ ಬೆಳ್ಳಗಾಗುತ್ತದೆ ಎನ್ನುತ್ತಾರೆ. ಆಗ ಮರಗಳು ಸಾಯುವುದಿಲ್ಲವೇ? (ಓದುಗರು, ಹೊಸೂರು)

ಅದು ಮೇಲಿನಿಂದ ಬೀಳುವ ಹಿಮವಲ್ಲ, ಹುಲ್ಲಿನ ಮೇಲೆಯೇ ಹೆಪ್ಪುಗಟ್ಟುವ ಇಬ್ಬನಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲದ ಬಿಸಿ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಬೆಟ್ಟದ ತುದಿಗಿಂತ ಕಾಂದಲ್, ತಲೈಕುಂದಾ, ಕುದುರೆ ಓಟದ ಮೈದಾನದಂಥ ತಗ್ಗಿನಲ್ಲಿ ಬಿಳುಪು ಹೆಚ್ಚು. ಬೆಳಗ್ಗೆ ಏಳಕ್ಕೆ ಮೊದಲು ಹೋಗಿ ಬಗ್ಗಿ ನೋಡಿದರೆ ಒಂದೊಂದು ಹುಲ್ಲಿನ ಅಂಚಿಗೂ ಕಲ್ಲುಪ್ಪಿನ ಹುಡಿ ಅಂಟಿಸಿದಂತೆ ಕಾಣುತ್ತದೆ. ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ಅದು ಬರೀ ಒದ್ದೆ.

ಸಾಯುವುದು ದೊಡ್ಡ ಮರವಲ್ಲ, ಬಯಲಿನಲ್ಲಿರುವ ಎಳೆಯ ಸಸಿ. ಶೋಲಾ ಮರಗಳ ನೆತ್ತಿ ಮೇಲೆ ಚಪ್ಪರದಂತೆ ಕೂಡಿಕೊಂಡು ನೆಲದ ಬಿಸಿಯನ್ನು ಹಿಡಿದಿಡುವುದರಿಂದ ಕಾಡಿನ ಒಳಗೆ ಇಬ್ಬನಿ ಹೆಪ್ಪುಗಟ್ಟುವುದು ಅಪರೂಪ. ನೀಲಗಿರಿಯಲ್ಲಿ ಕಣಿವೆಯ ಮಡಿಲಲ್ಲಿ ಕಾಡು, ಅದರ ಸುತ್ತ ಹುಲ್ಲುಗಾವಲು ಎಂಬ ವಿಚಿತ್ರ ವಿಂಗಡಣೆ ಉಳಿದು ಬಂದಿರುವುದಕ್ಕೆ ಒಂದು ಕಾರಣ ಇದೇ: ಕಾಡಿನಿಂದ ಹೊರಗೆ ಬಿದ್ದ ಬೀಜ ಮೊಳೆತರೂ ಚಳಿಗಾಲ ದಾಟುವುದು ಕಷ್ಟ. ಸಸ್ಯೋದ್ಯಾನದಲ್ಲಿ ತೋಟಗಾರರು ಎಳೆಯ ಗಿಡಗಳ ಮೇಲೆ ಪೊದೆಯ ಸೊಪ್ಪು ಮುಚ್ಚಿ, ಬೆಳಗ್ಗೆ ನೀರು ಚಿಮುಕಿಸುವುದನ್ನು ನೀವು ಆಗ ನೋಡಬಹುದು. ಚಳಿಗೆ ಹೆದರದವರಿಗೆ ಇನ್ನೊಂದು ಲಾಭವಿದೆ. ಉತ್ತರದಿಂದ ಬಂದ ಬೂದು ಸಿಪಿಲೆ ಹಕ್ಕಿ ಬಾಲ ಕುಣಿಸುತ್ತಾ ತೊರೆಯಂಚಿನಲ್ಲಿ ಓಡಾಡುತ್ತಿರುತ್ತದೆ; ಅದೃಷ್ಟವಿದ್ದರೆ ಕಾಶ್ಮೀರದಲ್ಲಿ ಮರಿ ಮಾಡಿ ಇಲ್ಲಿಗೆ ಚಳಿಗಾಲ ಕಳೆಯಲು ಬರುವ ನೊಣಹಿಡುಕವೂ ಕಂಡೀತು.

ಪ್ರಶ್ನೆ: ಆಟದ ಸಾಮಾನಿಲ್ಲದ ತೋಟದಲ್ಲಿ ಮಕ್ಕಳು ಏನು ಮಾಡಬೇಕು? (ಪೋಷಕರು, ಗೂಡಲೂರು)

ಒಂದು ದಾರದ ಉಂಡೆ, ಒಂದು ಅಳತೆ ಪಟ್ಟಿ, ತೆಳ್ಳಗಿನ ಬಿಳಿ ಕಾಗದ, ಹೊದಿಕೆ ಸುಲಿದ ಮೇಣದ ಬಣ್ಣದ ಕಡ್ಡಿ ಇಷ್ಟನ್ನು ಕಳುಹಿಸಿ. ಕಾಗದವನ್ನು ತೊಗಟೆಗೆ ಒತ್ತಿ ಹಿಡಿದು, ಕಡ್ಡಿಯನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿದರೆ ತೊಗಟೆಯ ಗೆರೆಗಳೆಲ್ಲ ಮೂಡಿ ಬರುತ್ತವೆ. ದೇವದಾರಿನ ಬಿರುಕು ಹಾಳೆಯೂ ನೇರಳೆಯ ನಯವಾದ ಹಾಳೆಯೂ ಒಂದಕ್ಕೊಂದು ಎಂದೂ ಹೋಲುವುದಿಲ್ಲ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುವುದು ಅರಣ್ಯದವರ ಪದ್ಧತಿ. ಅಷ್ಟೆತ್ತರಕ್ಕೆ ಮಕ್ಕಳ ಎದೆಯೋ ಗಲ್ಲವೋ ಬರುತ್ತದೆ, ಅದನ್ನು ಅವರೇ ಕಂಡುಕೊಳ್ಳಲಿ. ಮನೆಗೆ ಬಂದ ಮೇಲೂ ಇದು ಮುಂದುವರಿಯಬೇಕೆಂದರೆ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯಿದೆ: ಅಂಗಳದ ಮಾವನ್ನೋ ಹಲಸನ್ನೋ ಆರಿಸಿ, ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಬರೆಯುವುದು ಅದರ ಕೆಲಸ. ನೆರೆಯ ಕೇರಳದ ಅನೇಕ ಶಾಲೆಗಳು ಇದನ್ನು ಮಾಡುತ್ತಿವೆ, ನಾವೂ ಮಾಡಬಹುದು. ತೋಟದಿಂದ ಎಲೆ ಕಿತ್ತು ತರುವುದು ಮಾತ್ರ ಬೇಡ.

ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿರುವುದರಿಂದ ಸ್ಟೀಲಿನದನ್ನು ಒಯ್ಯಿರಿ. ಹೊರ ಜಿಲ್ಲೆಯ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ಗೂಡಲೂರಿನ ನಿಮಗೆ ಅದರ ಚಿಂತೆಯಿಲ್ಲ, ತಾಳವಾಡಿಯವರು ಹೊರಡುವ ಮೊದಲೇ ನೋಂದಾಯಿಸಿಕೊಳ್ಳಲಿ.

ಪ್ರಶ್ನೆ: ಅಲ್ಲಿನ ಹೆಸರಿನ ಹಲಗೆಗಳಲ್ಲಿ ಕನ್ನಡ ಇಲ್ಲದೆ ನಮ್ಮಂಥವರಿಗೆ ಏನು ತಿಳಿಯಬೇಕು? ಕುರಿಂಜಿಯೂ ಅಲ್ಲಿದೆಯೇ? (ಓದುಗರು, ಡೆಂಕಣಿಕೋಟೆ)

ಹಲಗೆಯ ಲ್ಯಾಟಿನ್ನನ್ನು ಗಟ್ಟಿಯಾಗಿ ಓದಿ ನೋಡಿ, ನಮ್ಮ ಮಾತು ಅಲ್ಲಲ್ಲಿ ಇಣುಕುತ್ತದೆ. ಮೈಕೇಲಿಯಾ ಚಂಪಕ ಎಂದಿದ್ದರೆ ಅದು ನಮ್ಮ ಸಂಪಿಗೆ. ನೀಲಗಿರಿಕ ಎಂದಿದ್ದರೆ ಬೆಟ್ಟದ ಬಿಳಿ ಹೂವಿನ ಕಾಡುಸಂಪಿಗೆ. ಹೊಸ ಪುಸ್ತಕಗಳು ಇವೆರಡನ್ನೂ ಮ್ಯಾಗ್ನೋಲಿಯಾ ಕುಲಕ್ಕೆ ಸೇರಿಸಿರುವುದರಿಂದ ಹಲಗೆಗೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ತಮಿಳರು ತವಿಟ್ಟುಕೊಯ್ಯ ಎನ್ನುವ, ಗುಲಾಬಿ ಹೂವಿನ, ಕಡುನೇರಳೆ ಸಿಹಿಹಣ್ಣಿನ ಗಿಡವನ್ನು ಅಲ್ಲಿನ ತೋಟಗಾರರನ್ನೇ ಕೇಳಿ. ಲ್ಯಾಟಿನ್ನಿಗಿಂತ ಆ ಹೆಸರಿಗೆ ಬೇಗ ಉತ್ತರ ಸಿಗುತ್ತದೆ.

ನೀಲಕುರಿಂಜಿಯನ್ನು ಮರಗಳ ನಡುವೆ ಹುಡುಕಬೇಡಿ. ಅದು ಬಯಲು ಹುಲ್ಲುಗಾವಲಿನ ಪೊದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಅದು 2018ರಲ್ಲಿ ಅರಳಿತ್ತು, ಮುಂದಿನ ಸರದಿ 2030ಕ್ಕೆ.