ಎಕ್ಸ್-ರೇ ನೋಡಿ ಮಂಡಿ ಬದಲಿಸಿಕೊಳ್ಳಬೇಕೇ?

ಪ್ರಶ್ನೆ: ನನಗೆ 64 ವರ್ಷ. ಬಸವನಗುಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ವಾಸ. ಕೆಲವು ವರ್ಷಗಳಿಂದ ಎರಡೂ ಮಂಡಿಗಳು ನೋಯುತ್ತಿವೆ, ಬಲಗಾಲಿನದು ಹೆಚ್ಚು. ಗಾಂಧಿ ಬಜಾರಿಗೆ ನಡೆದುಹೋಗಿ ತರಕಾರಿ ತರಬಲ್ಲೆ, ಆದರೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಲೇಬೇಕು. ಸಕ್ಕರೆ ಕಾಯಿಲೆಯೂ ಇದೆ. ಎಕ್ಸ್-ರೇ ನೋಡಿದ ವೈದ್ಯರು ಎರಡೂ ಮಂಡಿಗಳನ್ನು ಒಟ್ಟಿಗೇ ಬದಲಿಸಿಬಿಡೋಣ ಎಂದಿದ್ದಾರೆ. ಮಗ ಬೇಗ ಮಾಡಿಸಿಕೊಳ್ಳಿ ಎನ್ನುತ್ತಾನೆ, ನಮ್ಮ ಯಜಮಾನರಿಗೆ ಭಯ. ಏನು ಮಾಡಲಿ?

ಉತ್ತರ: ಎಕ್ಸ್-ರೇ ಒಂದನ್ನೇ ನಂಬಿ ಈ ನಿರ್ಧಾರ ಕೈಗೊಳ್ಳುವಂತಿಲ್ಲ. ಮೂಳೆಗೆ ಮೂಳೆ ತಾಗಿದಂತೆ ಕಂಡರೂ ಸರಾಗವಾಗಿ ಓಡಾಡುವವರಿದ್ದಾರೆ. ಸವೆತ ಅಷ್ಟಾಗಿ ಕಾಣದಿದ್ದರೂ ನೋವಿನಿಂದ ನಿದ್ದೆಗೆಡುವವರಿದ್ದಾರೆ. ರಾತ್ರಿ ನೋವಿಗೆ ಎಚ್ಚರವಾಗುತ್ತಿದೆಯೇ, ಮಾತ್ರೆ ನುಂಗಿದರೂ ನಾಲ್ಕು ಹೆಜ್ಜೆ ಇಡಲಾಗುತ್ತಿಲ್ಲವೇ, ಕಾಲು ಬಾಗುತ್ತಾ ಬಂದಿದೆಯೇ ಎಂಬುದೇ ಮುಖ್ಯ. ಇನ್ನೂ ಮಾರುಕಟ್ಟೆಗೆ ನಡೆದು ಹೋಗಿಬರುತ್ತಿರುವ ನಿಮಗೆ ಯೋಚಿಸಲು ಸಮಯವಿದೆ ಎಂದೇ ನನ್ನ ಅಭಿಪ್ರಾಯ.

ಆ ಸಮಯವನ್ನು ಸುಮ್ಮನೆ ಕಳೆಯಬೇಡಿ. ಮೂರು ತಿಂಗಳ ಕಾಲ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ತೊಡೆಯ ಸ್ನಾಯುಗಳನ್ನು ಬಲಪಡಿಸಿಕೊಳ್ಳಿ. ಕಾಲು ನೀಡಿ ಮಲಗಿ, ಸುತ್ತಿದ ಟವೆಲನ್ನು ಮಂಡಿಯಡಿ ಇಟ್ಟು, ಐದು ಎಣಿಸುವವರೆಗೆ ಅದನ್ನು ಕೆಳಕ್ಕೆ ಒತ್ತಿ ಹಿಡಿದು ಸಡಿಲಿಸುವಂಥ ಸರಳ ವ್ಯಾಯಾಮವನ್ನೂ ದಿನವೂ ತಪ್ಪದೆ ಮಾಡಿದರೆ ಮೆಟ್ಟಿಲಿಳಿಯುವುದು ಎಷ್ಟೋ ಸುಲಭವಾಗುತ್ತದೆ. ತೂಕ ಹೆಚ್ಚಿದ್ದರೆ, ಒಂದು ಕಿಲೋ ಇಳಿಸಿದಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ನೋವಿನ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಅಂಗಡಿಯಿಂದ ತಂದು ನಿತ್ಯ ನುಂಗಬೇಡಿ. ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡಗಳಿಗೆ ಅದರಿಂದ ಅಪಾಯ ಹೆಚ್ಚು.

ಇಷ್ಟಾದರೂ ನೋವು ತಗ್ಗದಿದ್ದರೆ ಶಸ್ತ್ರಚಿಕಿತ್ಸೆಗೆ ಹೆದರಬೇಕಾಗಿಲ್ಲ. ಸವೆದ ಮೂಳೆಯ ತುದಿಗಳನ್ನು ಕೊಯ್ದು, ಅಲ್ಲಿ ಲೋಹದ ಭಾಗಗಳನ್ನು ಕೂರಿಸಿ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ಪೂರ್ಣವಾಗಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82ರಷ್ಟು 25 ವರ್ಷ ಬಾಳುತ್ತವೆ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಫಲಿತಾಂಶ ಪೂರ್ಣ ತೃಪ್ತಿ ಕೊಡುವುದಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು ಬಹುಮಂದಿಗೆ ಕಷ್ಟವೇ ಆಗುತ್ತದೆ. ಪೂಜೆಗೆ ನೆಲದಲ್ಲೇ ಕೂರುವ ರೂಢಿಯಿದ್ದರೆ ಈ ಬದಲಾವಣೆಗೆ ನಿಮ್ಮ ಮನಸ್ಸು ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಿ.

ನನಗೆ ಕಳವಳ ಉಂಟುಮಾಡಿದ್ದು ಎರಡೂ ಮಂಡಿಗಳನ್ನು ಒಟ್ಟಿಗೇ ಬದಲಿಸುವ ಸಲಹೆ. ಎರಡೂ ಕಾಲುಗಳು ಸಮಾನವಾಗಿ ಹದಗೆಟ್ಟಿದ್ದು, ಹೃದಯ, ಶ್ವಾಸಕೋಶಗಳು ಗಟ್ಟಿಯಾಗಿರುವ ಕೆಲವರಿಗೆ ಅದು ಸರಿಯಿರಬಹುದು. ಆದರೆ ರಕ್ತನಷ್ಟವೂ ದೇಹದ ಮೇಲಿನ ಒತ್ತಡವೂ ಅದರಲ್ಲಿ ಹೆಚ್ಚು. ನಿಮ್ಮ ಎಡಮಂಡಿ ಅಷ್ಟಾಗಿ ನೋಯುತ್ತಿಲ್ಲವಾದ್ದರಿಂದ, ಮಾಡಿಸುವುದೇ ಆದರೆ ಮೊದಲು ಬಲಗಾಲಿಗೆ ಮಾತ್ರ ಮಾಡಿಸುವ ಬಗ್ಗೆ ವೈದ್ಯರನ್ನು ವಿಚಾರಿಸಿ. ನಿಮ್ಮ ಮನೆಗೆ ಹತ್ತಿರದ ಜಯನಗರದಲ್ಲಿಯೇ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ; ಅಲ್ಲಿ ಎರಡನೇ ಅಭಿಪ್ರಾಯ ಪಡೆಯಬಹುದು. ಇನ್ನು ಖರ್ಚು: ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿದೆ. ಪ್ಯಾಕೇಜಿನಲ್ಲಿ ಅದರ ಬೆಲೆ ಎಷ್ಟೆಂದು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ದಿನಾಂಕ ಗೊತ್ತುಮಾಡುವ ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಕೆಳಗಿಳಿಯುವವರೆಗೆ ಕಾಯುವುದು ಒಳ್ಳೆಯದು, ಏಕೆಂದರೆ ಸಕ್ಕರೆ ಹತೋಟಿ ತಪ್ಪಿದವರಲ್ಲಿ ಸೋಂಕಿನ ಭಯ ಹೆಚ್ಚು. ಹುಳುಕು ಹಲ್ಲು, ಕಾಲಿನ ಗಾಯ ಇದ್ದರೆ ಮೊದಲೇ ವಾಸಿಮಾಡಿಕೊಳ್ಳಿ. ಆಸ್ಪತ್ರೆಯಿಂದ ಹೊರಡುವ ಮುನ್ನ ಮೆಟ್ಟಿಲು ಹತ್ತಿಳಿಯುವುದನ್ನು ಅಲ್ಲಿಯೇ ಕಲಿಸಿಕೊಡಲು ಕೇಳಿ. ಮೊದಲ ಒಂದೆರಡು ತಿಂಗಳು ಕೆಳಮಹಡಿಯ ಬಂಧುಗಳ ಮನೆಯಲ್ಲಿ ಉಳಿಯಲು ಸಾಧ್ಯವಾದರೆ ಇನ್ನೂ ಅನುಕೂಲ. ಈ ನಡುವೆ ಮಂಡಿಯನ್ನು ಪೂರ್ತಿ ನೇರ ಮಾಡಲಾಗದೆ ಹೋದರೆ ಅಥವಾ ಕಾಲು ಹೊರಕ್ಕೆ ಬಾಗತೊಡಗಿದರೆ ಮೂರು ತಿಂಗಳು ಮುಗಿಯಲೆಂದು ಕಾಯದೆ ವೈದ್ಯರ ಬಳಿ ಹೋಗಿ.