ಅಳು ನಿಂತ ಮಾತ್ರಕ್ಕೆ ಮಗು ಆರಾಮಾಗಿದೆ ಎಂದಲ್ಲ

ಪತ್ರ: “ಹೋದ ತಿಂಗಳ ಸಂಚಿಕೆಯಲ್ಲಿ, ಮಕ್ಕಳ ವಾರ್ಡಿನಲ್ಲಿ ತಾಯಿಗೂ ಒಂದು ಮಂಚ ಇರಬೇಕು ಎಂದು ಬರೆದಿದ್ದೀರಿ. ನಾನು ಜಿಲ್ಲೆಯ ಬೇರೆ ಬೇರೆ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಈಗಿನ ವಾರ್ಡುಗಳು ಸಂತೆಯ ಹಾಗಾಗಿವೆ. ನಮ್ಮ ಕಾಲದಲ್ಲಿ ತಾಯಂದಿರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆವು. ಮಗು ಒಂದು ದಿನ ಅಳುತ್ತಿತ್ತು, ಆಮೇಲೆ ತಾನಾಗಿ ಸುಮ್ಮನಾಗುತ್ತಿತ್ತು. ತಾಯಿ ಬಂದರೆ ಮತ್ತೆ ಅಳು ಶುರು. ಹೊರಗಿನವರು ಬಾರದಿದ್ದರೆ ಸೋಂಕೂ ಕಡಿಮೆ. ದಯವಿಟ್ಟು ಭಾವನೆಗೆ ಬಿದ್ದು ಬರೆಯಬೇಡಿ.” — ಸೋಮವಾರಪೇಟೆ ತಾಲ್ಲೂಕಿನ ಓದುಗರು (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಸಿಸ್ಟರ್, ನಿವೃತ್ತರಾದರೂ ನಿಮ್ಮನ್ನು ಹಾಗೇ ಕರೆಯುತ್ತೇನೆ. ನಮ್ಮ ಕಡೆ ಒಮ್ಮೆ ಸಿಸ್ಟರ್ ಆದವರು ಕೊನೆತನಕ ಸಿಸ್ಟರೇ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅರ್ಧ ಜನ ನಿಮ್ಮ ಪಕ್ಷ. ನಾನಂತೂ ಆ ಪಕ್ಷದಲ್ಲಿಲ್ಲ.

ಮೊದಲು ನಿಮ್ಮ ಮಾತಿನಲ್ಲಿ ಒಪ್ಪತಕ್ಕದ್ದನ್ನು ಒಪ್ಪಿಬಿಡುತ್ತೇನೆ. ನಮ್ಮಲ್ಲಿ ಒಂದು ಮಗುವಿಗೆ ಜ್ವರ ಬಂದರೆ ಒಕ್ಕದವರೆಲ್ಲ, ಅಂದರೆ ಇಡೀ ಮನೆತನದವರು, ಹೊರಡುತ್ತಾರೆ. ಆಟಿ ಮಳೆಯಲ್ಲಿ ನೆಂದ ಕೊಡೆ, ಕೆಸರು ಚಪ್ಪಲಿ, ಕಿತ್ತಳೆ ಚೀಲ, ಜೊತೆಗೆ ಮೂಗು ಸೋರುವ ಇನ್ನೆರಡು ಮಕ್ಕಳು. ಮಂಚದ ಮೇಲೆ ನಾಲ್ಕು ಜನ ಕೂತು ಜಾಗದ ವ್ಯಾಜ್ಯ ಮಾತಾಡುತ್ತಾರೆ. ಇವರನ್ನು ಖಂಡಿತ ಹೊರಗೆ ಕಳಿಸಿ. ನನ್ನದೇನೂ ತಕರಾರಿಲ್ಲ. ಆದರೆ ಇವರ ಜೊತೆಗೆ ತಾಯಿಯನ್ನೂ ಸೇರಿಸಿ ಗುಡಿಸಿಬಿಟ್ಟರೆ ಹೇಗೆ? ಆಕೆ ನೋಡಲು ಬಂದವಳಲ್ಲ, ಮಗುವಿನ ಆರೈಕೆಗೆ ಬಂದವಳು.

ಈಗ ನಿಮ್ಮ “ತಾನಾಗಿ ಸುಮ್ಮನಾಗುತ್ತಿತ್ತು” ಎಂಬ ಮಾತಿಗೆ ಬರೋಣ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತ ಇದ್ದರು. ಅಲ್ಲಿನ ಮಕ್ಕಳ ವಾರ್ಡುಗಳಲ್ಲೂ ನೀವು ಹೇಳುವ ಶಿಸ್ತೇ ಇತ್ತು. ವೈದ್ಯರೂ ನರ್ಸುಗಳೂ ನೀವು ಹೇಳಿದ್ದನ್ನೇ ಹೇಳುತ್ತಿದ್ದರು, ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ ಅಂತ. ರಾಬರ್ಟ್‌ಸನ್ ಒಂದು ಕ್ಯಾಮೆರಾ ಹಿಡಿದು, ಎರಡು ವರ್ಷದ ಒಬ್ಬ ಹುಡುಗಿ ಹೊಕ್ಕುಳಿನ ಹರ್ನಿಯಾ ಆಪರೇಷನ್ನಿಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಚಿತ್ರೀಕರಿಸಿದರು. ಬೇಕಾದ ಗಳಿಗೆ ಆರಿಸಿ ತೆಗೆದಿದ್ದಾರೆ ಎಂದು ಯಾರೂ ಹೇಳಬಾರದು ಅಂತ ದಿನವೂ ನಿಗದಿಯಾದ ಹೊತ್ತಿಗೇ ತೆಗೆದರು. ಅದು 1952. ಹುಡುಗಿ ಅಷ್ಟೇನೂ ಅಳುವುದಿಲ್ಲ. ಅದೇ ನೋಡಿ ಸಂಗತಿ! ಮುಖ ಬಿಗಿಹಿಡಿದುಕೊಂಡು, ಗೊಂಬೆ ಅಪ್ಪಿಕೊಂಡು ಕೂರುತ್ತಾಳೆ. ತಾಯಿ ಬಂದಾಗ ಮುಖ ತಿರುಗಿಸುತ್ತಾಳೆ.

ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ರಾಬರ್ಟ್‌ಸನ್ ಮೂರು ಹಂತ ಗುರುತಿಸಿದರು. ಮೊದಲು ಮಗು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಸಂಬಂಧವನ್ನೇ ಕಡಿದುಕೊಳ್ಳುತ್ತದೆ. ನೀವು ಹೇಳುವ ಸುಮ್ಮನಾಗುವಿಕೆ ಎರಡನೆಯದೋ ಮೂರನೆಯದೋ ಆಗಿರಬೇಕು. ತಾಯಿ ಬಂದಾಗ ಮತ್ತೆ ಅಳು ಶುರುವಾಗುತ್ತಿತ್ತು ಎಂದಿರಲ್ಲ, ಅದು ಒಳ್ಳೆಯ ಲಕ್ಷಣ ಸಿಸ್ಟರ್. ಅಳುವ ಮಗುವಿಗೆ ಇನ್ನೂ ತಾಯಿಯ ಮೇಲೆ ಭರವಸೆ ಇದೆ.

ಚಿತ್ರ ತೋರಿಸಿದಾಗ ಲಂಡನ್ನಿನ ವೈದ್ಯರು ಕೆಂಡವಾದರು. ನಮ್ಮ ವೃತ್ತಿಗೆ ಅವಮಾನ ಮಾಡಿದ್ದೀರಿ ಎಂದರು. ಆದರೂ ಏಳೇ ವರ್ಷಕ್ಕೆ, 1959ರಲ್ಲಿ, ಮೂಳೆ ಶಸ್ತ್ರಚಿಕಿತ್ಸಕ ಸರ್ ಹ್ಯಾರಿ ಪ್ಲಾಟ್ ಅಧ್ಯಕ್ಷರಾಗಿದ್ದ ಸರ್ಕಾರಿ ಸಮಿತಿ ವರದಿ ಕೊಟ್ಟಿತು: ತಂದೆ ತಾಯಿ ಬರಲು ಹೊತ್ತಿನ ಕಟ್ಟುಪಾಡು ಬೇಡ, ಸಣ್ಣ ಮಕ್ಕಳ ಜೊತೆ ತಾಯಿ ಉಳಿಯಲು ವ್ಯವಸ್ಥೆ ಮಾಡಿ. ಬಹಳಷ್ಟು ಆಸ್ಪತ್ರೆಗಳು ಅದನ್ನು ಜಾರಿಗೆ ತರಲು ಮತ್ತೂ ವರ್ಷಗಳನ್ನೇ ತೆಗೆದುಕೊಂಡವು. ವರದಿ ಬರೆಯುವುದು ಸುಲಭ, ಬಾಗಿಲು ತೆರೆಯುವುದು ಕಷ್ಟ. ಅದು ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಇಷ್ಟೆಲ್ಲ ಭಾವನೆಯ ಮಾತಾಯಿತು ಎನ್ನುತ್ತೀರಾ? ಸರಿ, ನಿಮ್ಮ ಕೆಲಸದ ಲೆಕ್ಕಕ್ಕೇ ಬರುತ್ತೇನೆ. ನ್ಯುಮೋನಿಯಾ ಅನುಮಾನವಿದ್ದರೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು ಎಂದು ನಿಮಗೆ ನಾನು ಹೇಳಬೇಕೇ? ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಅದಕ್ಕೆ ಮುಟ್ಟಿದರೆ ವೇಗದ ಉಸಿರಾಟ. ಈಗ ಹೇಳಿ, ಕಿರುಚಿ ಅಳುವ ಮಗುವಿನ ಉಸಿರನ್ನು ಹೇಗೆ ಎಣಿಸುತ್ತೀರಿ? ತಾಯಿಯ ಮಡಿಲಲ್ಲಿ ಕೂರಿಸಿ, ದೂರದಿಂದ ಎದೆ ನೋಡುತ್ತಾ ಎಣಿಸಿದರೆ ತಾನೇ ಸರಿಯಾದ ಲೆಕ್ಕ ಸಿಗುವುದು?

ಭೇದಿಯಾದ ಮಗುವಿಗೆ ಓಆರ್‌ಎಸ್ ಕುಡಿಸುವುದನ್ನೂ ನೋಡಿ. ಎರಡು ವರ್ಷದೊಳಗಿನ ಮಗುವಿಗೆ ಒಂದೆರಡು ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಇನ್ನೂ ನಿಧಾನವಾಗಿ. ರಾತ್ರಿಯೆಲ್ಲ ಹೀಗೆ ಕೂತು ಕುಡಿಸಲು ಯಾವ ನರ್ಸಿಗೆ ಬಿಡುವಿದೆ? ಕುಡಿಸದಿದ್ದರೆ ಡ್ರಿಪ್ ಹಾಕಬೇಕು, ಕೈ ಬಿಗಿದು ಕಟ್ಟಬೇಕು, ಮಗು ಅದನ್ನು ಕಿತ್ತುಹಾಕುತ್ತದೆ, ಮತ್ತೆ ಚುಚ್ಚಬೇಕು. ಇಂಜೆಕ್ಷನ್ ವಿಷಯದಲ್ಲಂತೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ: ಲಸಿಕೆ ಹಾಕುವಾಗ ಕೂಸು ತಾಯಿಯ ತೆಕ್ಕೆಯಲ್ಲಿರಲಿ, ಹಾಲು ಕುಡಿಯುತ್ತಿದ್ದರೆ ಇನ್ನೂ ಒಳ್ಳೆಯದು, ನೋವು ಕಡಿಮೆಯಾಗುತ್ತದೆ. ಹಸುಗೂಸಿಗೆ ನೋವೇ ಗೊತ್ತಾಗುವುದಿಲ್ಲ ಎಂದು ನಂಬಿ, ಸರಿಯಾಗಿ ಅರಿವಳಿಕೆ ಕೊಡದೆ ಆಪರೇಷನ್ ಮಾಡುತ್ತಿದ್ದ ಕಾಲವೂ ಇತ್ತು. 1987ರಲ್ಲಿ ಕನ್ವಲ್‌ಜೀತ್ ಆನಂದ್ ಎಂಬ ಭಾರತೀಯ ಮೂಲದ ವೈದ್ಯರು ಆಕ್ಸ್‌ಫರ್ಡಿನಲ್ಲಿ ಮಾಡಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಮಕ್ಕಳ ವಿಷಯದಲ್ಲಿ ದೊಡ್ಡವರು ತಮಗೆ ಅನುಕೂಲವಾದದ್ದನ್ನೇ ವಿಜ್ಞಾನ ಎನ್ನುವ ಚಾಳಿ ಹೊಸದಲ್ಲ.

ಸೋಂಕಿನ ಮಾತು. ನಾನೂ ಇದಕ್ಕೆ ಹೆದರಿದವನೇ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಎಂಬುವವರು ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಶುರುವಾದದ್ದು ಹಾಗೆ. ಹೆರಿಗೆಯಾದ ತಕ್ಷಣವೇ, ಐಸಿಯು ಒಳಗೇ ತಾಯಿಯನ್ನು ಇರಿಸಿದರೆ ಏನಾಗುತ್ತದೆ ಎಂದು ಆಮೇಲೆ ಐದು ದೇಶಗಳಲ್ಲಿ ನೋಡಿದರು. ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. 2021ರಲ್ಲಿ ಫಲಿತಾಂಶ ಬಂತು. ಕೂಸುಗಳ ಸಾವು ನಾಲ್ಕನೇ ಒಂದರಷ್ಟು ಕಡಿಮೆ. ನಂಜಿನ (ಸೋಂಕು ಮೈಗೆಲ್ಲ ಏರುವ ಸೆಪ್ಸಿಸ್) ಅನುಮಾನದ ಪ್ರಕರಣಗಳೂ ಕಡಿಮೆ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಮನೆಯವರಿಗೆ ಕೈ ತೊಳೆಯುವುದರಿಂದ ಹಿಡಿದು ಎಲ್ಲ ಕಲಿಸಿ ಒಳಗೆ ಬಿಟ್ಟರು. ಸೋಂಕು ಜಾಸ್ತಿಯಾಗಲಿಲ್ಲ, ಎದೆಹಾಲು ಕುಡಿಯುವ ಮಕ್ಕಳು ಜಾಸ್ತಿಯಾದರು. 2017ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನೇ ಮಾರ್ಗಸೂಚಿ ಮಾಡಿತು. ಕೈ ತೊಳೆಯದ ತಾಯಿ ಅಪಾಯ ನಿಜ. ಕೈ ತೊಳೆಯಲು ಕಲಿಸಬೇಕು, ಜೊತೆಗೆ ನಲ್ಲಿಯಲ್ಲಿ ನೀರೂ ಸೋಪೂ ಇರಬೇಕು. ಇದಕ್ಕೆಲ್ಲ ಖರ್ಚಿದೆ. ಬಾಗಿಲು ಹಾಕಲು ಖರ್ಚಿಲ್ಲ.

ನನ್ನ ತಂಗಿಯ ಮಗನನ್ನು ಹಿಂದೊಮ್ಮೆ ಆಸ್ಪತ್ರೆಗೆ ಸೇರಿಸಿದ್ದೆವು. ಊರು, ಆಸ್ಪತ್ರೆ ಯಾವುದೂ ಬೇಡ. ಸಂಜೆ ನಾಲ್ಕರಿಂದ ಆರು ಮಾತ್ರ ಭೇಟಿ. ಅವಳು ಉಳಿದ ಹೊತ್ತೆಲ್ಲ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಎರಡನೇ ದಿನ ಭೇಟಿಯ ಹೊತ್ತಿನಲ್ಲಿ ಹುಡುಗನನ್ನು ನೋಡಿ, “ಇವನು ಎಂದಿನ ಹಾಗಿಲ್ಲ” ಎಂದಳು. “ಜ್ವರ ಇಳಿದಿದೆ, ನಿದ್ದೆ ಮಾಡ್ತಿದ್ದಾನೆ, ಗಾಬರಿ ಬೇಡಮ್ಮ” ಎಂದರು. ಅದು ನಿದ್ದೆಯಾಗಿರಲಿಲ್ಲ, ಸುಸ್ತು. ರಾತ್ರಿ ಮೈಸೂರಿಗೆ ಓಡಿದೆವು. ಹುಡುಗ ಉಳಿದ, ಈಗ ಡಿಗ್ರಿ ಓದುತ್ತಿದ್ದಾನೆ. ಇಂಗ್ಲೆಂಡಿನಲ್ಲಿ ಮಾರ್ತಾ ಮಿಲ್ಸ್ ಎಂಬ ಹದಿಮೂರರ ಹುಡುಗಿ ಉಳಿಯಲಿಲ್ಲ. ತಂದೆ ತಾಯಿಯ ಆತಂಕಕ್ಕೆ ವೈದ್ಯರು ಕಿವಿಗೊಡಲಿಲ್ಲ, 2021ರಲ್ಲಿ ನಂಜೇರಿ ತೀರಿಕೊಂಡಳು. ಮಗುವಿನ ಸ್ಥಿತಿ ಕೆಡುತ್ತಿದೆ ಎನಿಸಿದರೆ ಬೇರೆ ತಂಡದಿಂದ ಮರುತಪಾಸಣೆ ಕೇಳಲು ಮನೆಯವರಿಗೆ ಅವಕಾಶ ಕೊಡುವ ‘ಮಾರ್ತಾ ನಿಯಮ’ ಅಲ್ಲಿ 2024ರಲ್ಲಿ ಶುರುವಾಯಿತು. ನಮ್ಮಲ್ಲಿ ತಾಯಿ ಎರಡನೇ ಸಲ ಕೇಳಿದರೆ “ನೀವೇ ಡಾಕ್ಟ್ರಾ?” ಅನ್ನುತ್ತಾರೆ.

ಹೀಗೆಲ್ಲ ಬರೆದರೆ ನಾನು ನರ್ಸುಗಳ ವಿರೋಧಿ ಎಂದುಕೊಳ್ಳಬೇಡಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಯರವ ಬುಡಕಟ್ಟಿನ ಒಬ್ಬ ಹುಡುಗನನ್ನು ನೋಡಿಕೊಂಡ ಸಿಸ್ಟರ್ ಒಬ್ಬರನ್ನು ಬಲ್ಲೆ. ದಾಖಲಾತಿ ಚೀಟಿಯಲ್ಲಿ ತಂದೆಯ ಹೆಸರು, ಆಧಾರ್, ರೇಷನ್ ಕಾರ್ಡು ಎಲ್ಲ ಇತ್ತು. ಆಕೆ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದೇ ಬೇರೆ. ಯಾರ ಪಕ್ಕ ಮಲಗುತ್ತಾನೆ, ಒಂದಕ್ಕೆ ಬಂದರೆ ಮನೆಯಲ್ಲಿ ಏನನ್ನುತ್ತಾನೆ, ಗಂಜಿ ಬಿಸಿ ಬೇಕೋ ಆರಿರಬೇಕೋ. ಚುಚ್ಚುವ ಮೊದಲು “ನೋಯಲ್ಲ” ಎಂದು ಸುಳ್ಳು ಹೇಳುತ್ತಿರಲಿಲ್ಲ. “ಸ್ವಲ್ಪ ನೋಯತ್ತೆ, ಅಮ್ಮ ಹಿಡ್ಕೋತಾರೆ” ಎನ್ನುತ್ತಿದ್ದರು. ಮಕ್ಕಳ ಶುಶ್ರೂಷೆಯ ತಳಪಾಯವೆಂದರೆ ನನ್ನ ಲೆಕ್ಕದಲ್ಲಿ ಆ ಚೀಟಿಯ ಹಿಂಬದಿ. ನೀವೂ ಹೀಗೆ ಎಷ್ಟೋ ಸಲ ಮಾಡಿದ್ದೀರಿ ಎಂದೇ ನನ್ನ ನಂಬಿಕೆ. ನಿಯಮಕ್ಕೆ ಕಟ್ಟುಬಿದ್ದು ಅದನ್ನು ಪತ್ರದಲ್ಲಿ ಬರೆದಿಲ್ಲ, ಅಷ್ಟೇ.

ಆ ಸಿಸ್ಟರ್ ಈಗ ಇಲ್ಲಿಲ್ಲ, ಗಲ್ಫಿಗೆ ಹೋದರು. ತಪ್ಪೇನು? ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಬೇರೆ ಕಡೆ ಐವರಿಗೆ ಒಬ್ಬರು ಇರಬೇಕು. ಸಿಸ್ಟರ್, ನಿಮ್ಮ ಸರ್ವಿಸ್ಸಿನಲ್ಲಿ ಒಂದೇ ಒಂದು ರಾತ್ರಿ ಪಾಳಿಯಲ್ಲಾದರೂ ಈ ಲೆಕ್ಕ ಕಂಡಿದ್ದೀರಾ? ತಾಯಿ ಬೇಡ ಎನ್ನುವ ನಿಮ್ಮ ಸಿಟ್ಟು ನಿಜಕ್ಕೂ ತಾಯಿಯ ಮೇಲಿನದಲ್ಲ, ವಾರ್ಡಿನಲ್ಲಿ ಒಬ್ಬಳೇ ನಿಂತು ಸೋತವಳ ಸಿಟ್ಟು ಅನಿಸುತ್ತದೆ ನನಗೆ.

ತಾಯಿ ಇರಲಿ ಎಂದು ಸುಮ್ನೆ ಬರೆದರೂ ಆಗುವುದಿಲ್ಲ, ಗೊತ್ತು. ನಮ್ಮ ಕೊಡಗಿನ ಸಿದ್ದಾಪುರದ ಕಡೆ ರೋಬಸ್ಟಾ ಕಾಫಿ ಕುಯ್ಲಿನ ಹೊತ್ತಿನಲ್ಲಿ ಮಗುವಿಗೆ ಕಾಯಿಲೆ ಬಿದ್ದರೆ, ಆಸ್ಪತ್ರೆಯಲ್ಲಿ ಕೂತ ದಿನ ತಾಯಿಗೆ ಕೂಲಿ ಇಲ್ಲ. 1951ರ ಪ್ಲಾಂಟೇಷನ್ ಕಾಯ್ದೆಯಲ್ಲಿ 50 ಮತ್ತು ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು ಬರೆದರು. ಕಾರ್ಮಿಕರು ತಾವೇ ಹಾಸಿಗೆ ಹಿಡಿದರೆ ಭತ್ಯೆ ಎಂದೂ ಬರೆದರು. ಅವಳ ಮಗು ಮಲಗಿದರೆ ಅವಳ ಕೂಲಿಗೆ ಯಾರು ಹೊಣೆ ಎಂದು ಬರೆಯಲಿಲ್ಲ. ಆಸ್ಪತ್ರೆಯಲ್ಲಿ ಮಗುವಿಗೆ ಊಟ ಬಂದರೂ ಜೊತೆಗಿರುವ ತಾಯಿಯ ಊಟದ ಚಿಂತೆ ಯಾರಿಗೂ ಇಲ್ಲ. ರಾತ್ರಿ ಮಂಚದ ಕೆಳಗೆ ಮಲಗಿದರೆ ಎಬ್ಬಿಸುತ್ತಾರೆ. ಮನೆಯಲ್ಲಿ ಇನ್ನೊಂದು ಕೂಸು. ಕೊನೆಗೆ ಬಿಡುಗಡೆ ಚೀಟಿ ಕೇಳದೆಯೇ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುತ್ತಾಳೆ. ಆಗ ಕಡತದಲ್ಲಿ ‘ಹೇಳದೆ ಹೋದರು’ ಎಂದು ಬರೆಯುತ್ತೇವೆ. ಜಿಲ್ಲೆಗೆ ಮೆಡಿಕಲ್ ಕಾಲೇಜು ಬಂತು, ಕಟ್ಟಡ ಎದ್ದಿತು, ಸಂತೋಷವೇ. ಇನ್ನು ಮುಂದೆ ಕಟ್ಟುವ ಯಾವ ಮಕ್ಕಳ ವಾರ್ಡಿನ ನಕ್ಷೆಯಲ್ಲಾದರೂ ಮಂಚದ ಪಕ್ಕ ಇನ್ನೊಂದು ಮಂಚಕ್ಕೆ ಆರಡಿ ಬಿಡಿ ಎನ್ನುವುದು ಅಷ್ಟು ದೊಡ್ಡ ಬೇಡಿಕೆಯೇ?

ನಿಮ್ಮಿಂದ ಒಂದು ಕೆಲಸ ಆಗಬೇಕು ಸಿಸ್ಟರ್. ಮೊದಲ ರಾತ್ರಿ ವಾರ್ಡಿಗೆ ಬಂದ ತಾಯಿಗೆ ಏನೇನು ಕಲಿಸಬೇಕು, ಯಾವ ಲಕ್ಷಣ ಕಂಡರೆ ನರ್ಸನ್ನು ಎಬ್ಬಿಸಬೇಕು, ನೆಂಟರನ್ನು ಹೇಗೆ ಸಾಗಹಾಕಬೇಕು, ಇದು ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿರುತ್ತೇನೆ. ನನ್ನನ್ನು ಬೈಯಲು ಜಾಗ ಸಾಲದಿದ್ದರೆ ಮೂರು.

— ಸಂಪಾದಕ